ಯೋಸೇಫನ ಅಪ್ಪ ಯಾರು? ಒಂದು ಅಫಿಡವಿಟ್ ಕೊಡಿ

ದಾವಣಗೆರೆಯಲ್ಲಿ ಸಂಜೆ ಆರಾದರೆ ದೇವರ ವಿಷಯ ಮಂಡಕ್ಕಿ ಅಂಗಡಿ ಮುಂದೆಯೇ ತೀರ್ಮಾನವಾಗಬೇಕು. ಮೊದಲು ಖಾರ ಮಂಡಕ್ಕಿ, ಜೊತೆಗೆ ಎರಡು ಮೆಣಸಿನಕಾಯಿ, ಆಮೇಲೆ ದೇವರು. ನಮ್ಮ ಗುಂಪಿನಲ್ಲಿ ನಂಬುವ ಪಾರ್ಟಿಗೆ ಬ್ರದರ್, ನಂಬದ ಪಾರ್ಟಿಗೆ ರಿಟೈರ್ ಆದ ಗಣಿತದ ಮೇಷ್ಟ್ರು. ಬ್ರದರ್ ಕಂಕುಳಲ್ಲಿ ಕರೀ ಜಿಪ್ ಕವರಿನ ಬೈಬಲ್ ಇರುತ್ತದೆ. ಆ ಜಿಪ್ ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಎಷ್ಟೇ ಚರ್ಚೆ ನಡೆದರೂ ಪುಸ್ತಕ ಹೊರಗೆ ಬರುವುದಿಲ್ಲ. ಮೇಷ್ಟ್ರಿಗೆ ಆ ತೊಂದರೆಯೂ ಇಲ್ಲ. ಅವರ ಬೈಬಲ್ ಜ್ಞಾನವೆಲ್ಲ ಎರಡು ನಿಮಿಷದ ವಿಡಿಯೋಗಳದ್ದು.

"ಬ್ರದರ್, ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ಅಪ್ಪ ಯಾರು? ಯೇಸುವಿನ ಕತೆ ಬರೆದವರಲ್ಲೇ ಮತ್ತಾಯ ಯಾಕೋಬ ಅಂತಾನೆ, ಲೂಕ ಹೇಲಿ ಅಂತಾನೆ. ಒಬ್ಬನಿಗೆ ಎಷ್ಟು ಜನ ಅಪ್ಪಂದಿರು?"

"ಒಂದು ಯೋಸೇಫನ ವಂಶ, ಇನ್ನೊಂದು ಮರಿಯಳ ವಂಶ ಮೇಷ್ಟ್ರೇ. ಹೇಲಿ ಅಂದ್ರೆ ಮಾವ."

"ಯೇಸುವಿಗೆ ದ್ರೋಹ ಮಾಡಿದ ಯೂದ ಹೆಂಗೆ ಸತ್ತ? ಒಂದು ಕಡೆ ನೇಣು. ಬೈಬಲ್ಲಿನದೇ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳಲ್ಲಿ ಬಿದ್ದು ಹೊಟ್ಟೆ ಒಡೆದ."

"ನೇಣು ಹಾಕ್ಕೊಂಡ. ಹಗ್ಗ ಕಿತ್ತು ಬಿದ್ದ."

ಮಂಡಕ್ಕಿ ಕಲಸುತ್ತಿದ್ದವನ ಕೈ ನಿಂತಿತು. "ಹಗ್ಗ ಕಿತ್ತಿದ್ದು ಯಾವ ಪುಸ್ತಕದಾಗೈತ್ರಿ?" ಅಂದ. ಯಾರೂ ಉತ್ತರ ಕೊಡಲಿಲ್ಲ. ಅವನು ಮತ್ತೆ ಈರುಳ್ಳಿ ಹೆಚ್ಚತೊಡಗಿದ.

ಮೇಷ್ಟ್ರು ಬಿಡಬೇಕಲ್ಲ! 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ ಒಂದರಲ್ಲಿ ವ್ಯಭಿಚಾರದ ಆಜ್ಞೆಯಿಂದ 'ಬಾರದು' ಎಂಬ ಅರ್ಥ ಕೊಡುವ ಪದವೇ ಬಿದ್ದುಹೋಗಿ, ವ್ಯಭಿಚಾರವೇ ದೇವರಾಜ್ಞೆಯಾಗಿ, ಅಚ್ಚು ಮಾಡಿದವರಿಗೆ 300 ಪೌಂಡ್ ದಂಡ ಬಿದ್ದ ಕತೆ ತೆಗೆದರು. ಕತೆ ನಿಜ. ಆದರೆ ಅದು ಅಚ್ಚಿನ ಮನೆಯ ತಪ್ಪು, ಆಜ್ಞೆ ತಂದ ಮೋಶೆಯದ್ದಲ್ಲ. ನಮ್ಮಲ್ಲೂ 'ಮಾಡಬಾರದು' ಹೋಗಿ 'ಮಾಡಬಹುದು' ಆಗಲು ಅಚ್ಚಿನ ಮೊಳೆ ಜೋಡಿಸುವವನ ಒಂದು ಆಕಳಿಕೆ ಸಾಕಿತ್ತು.

"ಏನೇ ಹೇಳಿ, ಒಂದಕ್ಷರ ಬದಲಾಗಿಲ್ಲ" ಅಂದರು ಬ್ರದರ್. ಜೋರು ಬಂದು ಜಿಪ್ ಎಳೆದರು. ಅವತ್ತು ಅದು ಬಿಟ್ಟುಕೊಂಡಿತು! ಮಾರ್ಕ ಬರೆದ ಯೇಸುವಿನ ಕತೆಯ ಕೊನೆಯ ಅಧ್ಯಾಯಕ್ಕೆ ಹೋದರೆ, ಪುಟದ ತಳದಲ್ಲಿ ಸಣ್ಣಕ್ಷರ: 9ರಿಂದ 20ರವರೆಗಿನ ವಚನಗಳು ಹಳೆಯ ಕೆಲವು ಪ್ರತಿಗಳಲ್ಲಿಲ್ಲ. ನಾಲ್ಕನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಎಂಬ ಎರಡೂ ಕೈಬರಹದ ಪ್ರತಿಗಳಲ್ಲಿ ಮಾರ್ಕ 8ನೇ ವಚನಕ್ಕೇ ಮುಗಿಯುತ್ತಾನೆ. ಬೈಬಲ್ ಅಚ್ಚು ಹಾಕಿದವರೇ ಅಡಿಯಲ್ಲಿ ಬರೆದಿಟ್ಟಿದ್ದಾರೆ. ಬ್ರದರ್ ಆ ಅಕ್ಷರ ನೋಡಿ ಕನ್ನಡಕ ಒರೆಸಿಕೊಂಡರು. ಮೇಷ್ಟ್ರು "ನೋಡಿದ್ರಾ!" ಅಂದರೇ ಹೊರತು ಪುಸ್ತಕದ ಕಡೆ ಬಗ್ಗಲಿಲ್ಲ.

"ಮೂಲ ಪ್ರತಿ ತೋರಿಸಿ, ಈಗಲೇ ನಂಬ್ತೀನಿ" ಎಂಬುದು ಮೇಷ್ಟ್ರ ಕೊನೆಯ ಬಾಣ. ಮತ್ತಾಯ, ಲೂಕ ಸ್ವಂತ ಕೈಯಲ್ಲಿ ಬರೆದದ್ದು ಎಲ್ಲೂ ಉಳಿದಿಲ್ಲ. ಉಳಿದಿರುವುದೆಲ್ಲ ನಕಲು. ನಕಲು ಅಂದಮೇಲೆ ವ್ಯತ್ಯಾಸ ಇರುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿ ನೋಡಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರದ ಮೂರು ಬಂಡೆಗಳ ಮೇಲೆ ಅಶೋಕನ ಅದೇ ಶಾಸನ ಇದೆ. ಕಲ್ಲಲ್ಲಿ ಕೆತ್ತಿಸಿದರೂ ಮೂರೂ ಅಕ್ಷರಕ್ಕಕ್ಷರ ಒಂದೇ ಅಲ್ಲ. ಹಾಗಂತ ಅಶೋಕನೇ ಇರಲಿಲ್ಲ ಅನ್ನುತ್ತೀರಾ? ಅಶೋಕ ಇದ್ದ ಅಂತ ಅವನು ಹೇಳಿದ್ದೆಲ್ಲ ನಿಜವಾಗಬೇಕಾ? ನಾನು ಇಷ್ಟು ಹೇಳಿದ್ದಕ್ಕೆ ಇಬ್ಬರೂ ನನ್ನನ್ನು ಗುಂಪಿನಿಂದ ಹೊರಗೆ ಹಾಕುವ ಮಾತಾಡಿದರು.

ಮುಂದಿನ ವಾರ ಮೇಷ್ಟ್ರು ಜಮೀನಿನ ಕೆಲಸಕ್ಕೆ ಕಚೇರಿಗೆ ಹೊರಟರು. ಬ್ರದರ್ ಬೈಕಿನಲ್ಲಿ ಕರೆದುಕೊಂಡು ಹೋದರು, ನಾನೂ ಹಿಂದೆ ಹೋದೆ. ಪಹಣಿಯಲ್ಲಿ ಮೇಷ್ಟ್ರ ಅಪ್ಪ ಹನುಮಪ್ಪ. ವಂಶವೃಕ್ಷದಲ್ಲಿ ಹನುಮಂತಪ್ಪ. ಬೇವಿನ ಮರದ ಕೆಳಗೆ ಕೂತ ನೋಟರಿ, ಎರಡೂ ಒಬ್ಬನೇ ವ್ಯಕ್ತಿಯ ಹೆಸರು ಅಂತ ಟೈಪ್ ಮಾಡಿಸಿ ತಲೆ ಎತ್ತಿದ.

"ಮೂಲ ದಾಖಲೆ ಎಲ್ಲಿ ಮೇಷ್ಟ್ರೇ?"

"ಮೂಲ ಎಲ್ಲೋ ಕಳೆದುಹೋಯ್ತು ಸಾರ್. ಜೆರಾಕ್ಸಿನ ಜೆರಾಕ್ಸ್ ಇದೆ, ಆಗಲ್ವಾ?"

ಆಯಿತು. ಸಾಕ್ಷಿಯ ಜಾಗದಲ್ಲಿ ಬ್ರದರ್ ಸಹಿ ಹಾಕಿದರು. ಓದಲಿಲ್ಲ.