ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ

ಮಡಿಕೇರಿಯಲ್ಲಿ ಮೊನ್ನೆ ನಡೆದ ನಮ್ಮ ಸಂಘದ ಮಹಾಸಭೆಯ ಸುದ್ದಿ ನೀವೂ ಓದಿರುತ್ತೀರಿ. ಒಳಪುಟದಲ್ಲಿ, ಫೋಟೊ ಸಮೇತ. ಹನ್ನೊಂದು ಜನ ದೀಪಕ್ಕೆ ಕೈ ಚಾಚಿದ್ದಾರೆ, ದೀಪ ಮಾತ್ರ ಕಾಣುವುದಿಲ್ಲ. ಕೊನೆಯಲ್ಲಿ ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಆ 'ವಂದಿಸಿದರು' ಇದೆಯಲ್ಲ, ಅದು 42 ನಿಮಿಷ ನಡೆಯಿತು. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ.

ನಮ್ಮದು ತೆರಿಗೆ ಸಲಹೆಗಾರರ ಸಂಘ. ಕೊಡಗಿನಲ್ಲಿ ತೆರಿಗೆ ಸಲಹೆಗಾರನ ಪಾಡು ಗೊತ್ತಲ್ಲ. ಬರುವವರೆಲ್ಲ ಕಾಫಿಯವರು, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ತಾನೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ ಹಸನು ಮಾಡಿ, ಮಾರಿದರೆ ಆದಾಯದ ಶೇ. 25 ಪಾಲು ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಆ ಪಾಲಿನಲ್ಲೇ ನಮ್ಮ ಹೊಟ್ಟೆಪಾಡು. ಹಾಗಾಗಿ ಯಾರಿಗೆ ಎಷ್ಟು ಅಂತ ಹಂಚುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ವಂದನೆಯನ್ನೂ ಹಾಗೇ ಹಂಚಿದೆವು.

ಮೊದಲು ಉದ್ಘಾಟಕರಿಗೆ. ಒಂದೂವರೆ ಗಂಟೆ ತಡವಾಗಿ ಬಂದ ಅವರು 'ತಮ್ಮ ಅಮೂಲ್ಯ ಸಮಯವನ್ನು' ನಮಗೆ ಕೊಟ್ಟರಂತೆ. ಕಾದು ಕೂತ ನಮ್ಮ ಸಮಯಕ್ಕೆ ಬೆಲೆ ಕಟ್ಟಿದವರಿಲ್ಲ. ಆಮೇಲೆ ಮುಖ್ಯ ಅತಿಥಿಗೆ. ಅವರು ಬಂದೇ ಇರಲಿಲ್ಲ, ಬರುತ್ತೇನೆ ಅಂದಿದ್ದಕ್ಕೆ ವಂದನೆ. ಅಧ್ಯಕ್ಷರು ಕಾರ್ಯದರ್ಶಿಗೆ ವಂದಿಸಿದ್ದರು, ಕಾರ್ಯದರ್ಶಿ ಈಗ ಅಧ್ಯಕ್ಷರಿಗೆ ವಂದಿಸಿದರು. ನಮ್ಮ ಭಾಷೆಯಲ್ಲಿ ಇದು ಇನ್‌ಪುಟ್ ಕ್ರೆಡಿಟ್, ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ವಜಾ, ಉಳಿದದ್ದು ಸೊನ್ನೆ. 'ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ' ಅಂದಾಗ ನಮ್ಮ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ತೆರಿಗೆಯ ಮಾತೇ ಶುರುವಾಯಿತು ಅಂತ ಎದ್ದು ಕೂತರು. ಪಾಪ. ಹತ್ತಾರು ಪರೋಕ್ಷ ತೆರಿಗೆಗಳನ್ನು 2017ರ ಜುಲೈ 1ರಂದು ಒಂದೇ ಜಿಎಸ್‌ಟಿ ಮೂಟೆಗೆ ತುಂಬಿದ ದೇಶ ಇದು. ಧನ್ಯವಾದಗಳಿಗೂ ಅಂಥದ್ದೊಂದು ಮೂಟೆ ಹೊಲಿಸಬಾರದಾ?

ಅಲ್ಲ, ಈ 'ಧನ್ಯವಾದಗಳು' ಅನ್ನುವುದನ್ನು ನೀವು ಮನೆಯಲ್ಲಿ ಯಾವತ್ತಾದರೂ ಆಡಿದ್ದೀರಾ? ಅಮ್ಮ ತಟ್ಟೆಗೆ ಅಕ್ಕಿ ರೊಟ್ಟಿ ಹಾಕಿದಾಗ ಹಾಗಂದು ನೋಡಿ, 'ಯಾಕೋ, ಹುಷಾರಿಲ್ವಾ' ಅಂತ ಹಣೆ ಮುಟ್ಟುತ್ತಾಳೆ. ನಮ್ಮ ತೋಟದ ದಾರಿಗೆ ಪ್ರತಿ ಮಳೆಗಾಲ ಒಂದಾದರೂ ಸಿಲ್ವರ್ ಓಕ್ ಅಡ್ಡ ಬೀಳುತ್ತದೆ. ಪಕ್ಕದ ತೋಟದವರು ಕರೆಯದೇ ಮೆಷಿನ್ ಗರಗಸ ಹಿಡಿದು ಬರುತ್ತಾರೆ. ತೊಪ್ಪೆಯಾಗಿ ನೆನೆದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಮರ ತುಂಡು ಮಾಡಿ ಬದಿಗೆ ಉರುಳಿಸುತ್ತಾರೆ. ಆಮೇಲೆ ಅಡುಗೆಮನೆ ಬಾಗಿಲಲ್ಲೇ ನಿಂತು ಬೆಲ್ಲದ ಕಾಫಿ ಕುಡಿದು, ಕಾಳುಮೆಣಸಿನ ರೇಟು ವಿಚಾರಿಸಿ ಹೊರಡುತ್ತಾರೆ. ಮುಂದಿನ ವಾರ ಅವರ ದಾರಿಗೆ ಮರ ಬಿದ್ದರೆ ನಾನು ಹೋಗಬೇಕು, ಅಷ್ಟೇ ಲೆಕ್ಕ. ಶಾಲು ಹೊದೆಸಲು ಹೋದರೆ ಗರಗಸ ನನ್ನ ಕಡೆಗೇ ತಿರುಗೀತು.

ಇರಲಿ, ಸಭೆಗೆ ಬರೋಣ. ಹೊರಗೆ ಜಡಿಮಳೆ. ಎರಡು ಸಲ ಕರೆಂಟ್ ಹೋಯಿತು, ವಂದನೆ ನಿಲ್ಲಲಿಲ್ಲ. ಹಿಂದಿನಿಂದ ಪಂದಿ ಕರಿಯ ಘಮ ಬರುತ್ತಿತ್ತು, ಅರ್ಧ ಸಭೆ ಆಗಲೇ ತಟ್ಟೆ ಹಿಡಿದಿತ್ತು. ಆಗ ಬಂತು: 'ಕೊನೆಯದಾಗಿ ಮೈಕ್‌ಸೆಟ್, ಶಾಮಿಯಾನ, ಅಡುಗೆಯವರು ಹಾಗೂ ನಮ್ಮ ಸಿಬ್ಬಂದಿ ವರ್ಗದವರಿಗೆ.'

ಆ ವರ್ಗದಲ್ಲಿ ಇರುವುದು ಒಬ್ಬರೇ. ಎಲ್ಲರೂ ಅಕ್ಕ ಅನ್ನುತ್ತೇವೆ. ಆಫೀಸಿನ ಬೀಗ ತೆಗೆಯುವುದು, ಕಸ ಗುಡಿಸುವುದು, ಚಂದಾ ರಸೀದಿ ಬರೆಯುವುದು, ಮಹಾಸಭೆಯ ನೋಟಿಸಿಗೆ ಸ್ಟಾಂಪ್ ಹಚ್ಚುವುದು, ಎಲ್ಲ ಅವರೇ. ಆ ಹೊತ್ತಿಗೆ ಅಕ್ಕ ವೇದಿಕೆ ಪಕ್ಕ ಹರಿವಾಣ ಹಿಡಿದು ನಿಂತಿದ್ದರು. ಅದರಲ್ಲಿ ಒಂದು ಶಾಲು ಉಳಿದಿತ್ತು, ಬಾರದ ಅತಿಥಿಯದು. ನಾವು ಚಪ್ಪಾಳೆ ತಟ್ಟಿದೆವು. ಎರಡೂ ಕೈಯಲ್ಲಿ ಹರಿವಾಣ ಇದ್ದುದರಿಂದ ಅವರಿಗೆ ಕೈ ಮುಗಿಯುವುದಕ್ಕೂ ಆಗಲಿಲ್ಲ.

ಕ್ಲೈಂಟ್‌ಗಳಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೆಲಸಗಾರನಿಗೆ ಕೊಡುವ ಇಡುಗಂಟು, ಲೆಕ್ಕ ಹಾಕಿಕೊಡುವವರು ನಾವು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸು, 15ರಿಂದ ಗುಣಿಸು, ಸರ್ವಿಸಿನ ವರ್ಷದಿಂದ ಗುಣಿಸು. ಅಕ್ಕನ ಸಂಬಳ 9,000, ಸರ್ವಿಸ್ 22 ವರ್ಷ. 1,14,230 ರೂಪಾಯಿ ಚಿಲ್ಲರೆ. ಆದರೆ ಗ್ರಾಚ್ಯುಟಿಯ ಕಾನೂನಿಗೆ ಹತ್ತು ಜನ ಕೆಲಸಗಾರರಾದರೂ ಬೇಕು. ನಮ್ಮಲ್ಲಿ ಒಂಬತ್ತು ಕಡಿಮೆ. 'ಕಾನೂನು ಪ್ರಕಾರ ಬರಲ್ಲ' ಅಂದರು ಖಜಾಂಚಿ. ಶಾಲು ಯಾವ ಕಾನೂನು ಪ್ರಕಾರ ಬರುತ್ತದೆ? ಸಾಕು ಮಾರಾಯರೇ. ಕೊಡಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ. ಗೊತ್ತಿಲ್ಲದವರು ಮಾಡಿದ್ದರೆ ಬಿಡಬಹುದಿತ್ತು. ನಮಗೆ ಪೈಸೆ ಸಮೇತ ಗೊತ್ತು. ಇಷ್ಟು ಬರೆಯುವ ನಾನೂ ಅವತ್ತು ಚಪ್ಪಾಳೆ ತಟ್ಟಿ ಊಟಕ್ಕೆ ಓಡಿದವನೇ.

ಸುದ್ದಿ ಬಂದ ದಿನ ಆಫೀಸಿಗೆ ಹೋದರೆ ಅಕ್ಕ ಅದನ್ನು ಕತ್ತರಿಸಿ ಫೈಲಿಗೆ ಅಂಟಿಸುತ್ತಿದ್ದರು. ಹನ್ನೊಂದು ಜನರ ಮುಖ ಸುಕ್ಕಾಗದ ಹಾಗೆ ಅಂಗೈಯಿಂದ ಒತ್ತಿ ಒತ್ತಿ ಸವರಿದರು. ಆಮೇಲೆ ಒಂದು ವೋಚರ್ ನನ್ನ ಮುಂದಿಟ್ಟರು.

'ಗಮ್ ಖಾಲಿ ಆಗಿತ್ತು ಸಾರ್, ಕೈಯಿಂದ ಹಾಕಿ ತಂದೆ. ಇಪ್ಪತ್ತು ರೂಪಾಯಿ. ಖಜಾಂಚಿಯವರ ಸಹಿ ಆಗಬೇಕು. ಹೋದ ವರ್ಷದ್ದೂ ಹಾಗೇ ಇದೆ.'