ತಪ್ಪು ಪ್ರೊಪೆಲ್ಲರ್‌ದಲ್ಲ, ಕಾಲಿಂದು

ಈ ಸಲಾನೂ ಅದೇ ಸಾಲು ಬಂತು ನೋಡ್ರಿ ಪೇಪರ್‌ನ್ಯಾಗ: "ಪ್ರವಾಸಿಗರ ನಿರ್ಲಕ್ಷ್ಯವೇ ಕಾರಣ ಎಂದು ಮೇಲ್ನೋಟಕ್ಕೆ ತಿಳಿದುಬಂದಿದೆ." ಬೋಟಿನ ಪ್ರೊಪೆಲ್ಲರ್‌ಗೆ, ಅಂದ್ರ ಹಿಂದ ನೀರೊಳಗ ತಿರಗೋ ರೆಕ್ಕಿಗೆ, ಪ್ರವಾಸಿ ಒಬ್ಬನ ಕಾಲು ಸಿಕ್ಕ ಸುದ್ದಿ ಅದು, ಹೆಚ್ಚಿಂದು ನಾ ಹೇಳಂಗಿಲ್ಲ. ತನಿಖಿಗೆ ಬಂದ ಸಾಹೇಬ್ರು ದಂಡಿ ಮ್ಯಾಲೆ ನಿಂತು ನೋಡಿದ್ರು, ಪ್ರೊಪೆಲ್ಲರ್ ಇರೋದು ನೀರೊಳಗ, ಕಣ್ಣಿಗೆ ಬಿದ್ದಾಂವ ಪ್ರವಾಸಿ ಒಬ್ಬನ, ಅಂವನ್ನ ಹಿಡದ್ರು. ಕೆಲಸ ಮುಗೀತು, ಚಾ ಬಂತು.

ನಮ್ಮ ಕಡೆ ಒಂದು ಬೋಟಿಂಗ್ ಪಾಯಿಂಟ್ ಐತಿ. ಯಾವ ಊರು, ಯಾವ ಕೆರಿ ಅಂತ ಕೇಳಬ್ಯಾಡ್ರಿ, ಟಿಕೆಟ್ ಕೊಡೋ ತಮ್ಮ ಭಾಳ ಒಳ್ಳೇಂವ. ಅಲ್ಲೊಂದು ಬೋರ್ಡ್ ಹಾಕ್ಯಾರ: "ಬೋಟಿಂಗ್ ವೇಳೆ ಸಂಭವಿಸುವ ಯಾವುದೇ ಅನಾಹುತಕ್ಕೆ ಪ್ರವಾಸಿಗರೇ ಹೊಣೆ." ಬಣ್ಣ ಅಂತೂ ಬೋಟಿನ ಬಣ್ಣಕ್ಕಿಂತ ಚಲೋ ಐತಿ. ಓದಿ ಎದಿ ತುಂಬಿ ಬಂತ್ರೀ, ನನ್ನ ನಂಬಿ ಇಷ್ಟು ದೊಡ್ಡ ಜವಾಬ್ದಾರಿ ಈವರೆಗೂ ಯಾರೂ ಕೊಟ್ಟಿದ್ದಿಲ್ಲ, ಮನ್ಯಾಗ ಗ್ಯಾಸ್ ಬುಕ್ ಮಾಡೋದೂ ನನ್ನ ಕೈಯಾಗಿಲ್ಲ. ಎಂಜಿನ್ ನಾ ಕೊಂಡಿಲ್ಲ, ಸರ್ವಿಸ್ ನಾ ಮಾಡಿಸಿಲ್ಲ, ಡ್ರೈವರ್‌ನ್ನ ಕೆಲಸಕ್ಕ ನಾ ಇಟ್ಟಿಲ್ಲ, ಎಂಟು ಮಂದಿ ಬೋಟಿನ್ಯಾಗ ಹದಿನಾಲ್ಕು ಮಂದೀನ ನಾ ತುರುಕಿಲ್ಲ, ಟೆಂಡರ್ ಕರೆದಾಂವ ನಾ ಅಲ್ಲ, ಹಿಡದಾಂವನೂ ನಾ ಅಲ್ಲ, ಆದ್ರೂ ಟಿಕೆಟ್ ಹರದು ಕೈಯಾಗ ಇಟ್ಟ ಕೂಡಲೆ ಇಡೀ ಧಂಧೆ ನಂದು. ಲಾಭ ಒಂದು ಬಿಟ್ಟು.

ಇದಕ್ಕ ನಮ್ಮ ಮಂದೀನ ಸಣ್ಣಾಂದಿಂದ ತಯಾರ ಮಾಡ್ಯಾರ ಬಿಡ್ರಿ. ಪಾರ್ಕಿಂಗ್‌ನ್ಯಾಗ ರೊಕ್ಕ ಕೊಟ್ಟು ಬಿಟ್ಟ ಗಾಡಿಗೆ ನೀವೇ ಜವಾಬ್ದಾರರು, ಚಪ್ಪಲಿ ಸ್ಟ್ಯಾಂಡಿನ್ಯಾಗ ರೊಕ್ಕ ಕೊಟ್ಟು ಬಿಟ್ಟ ಚಪ್ಪಲಿಗೂ ನೀವೇ. ಚಪ್ಪಲಿಯಿಂದ ಶುರು ಆಗಿದ್ದು ಈಗ ಕಾಲಿಗೆ ಬಂದೈತಿ, ಅಷ್ಟ.

ನೀರೊಳಗ ತಿರಗೋದು ಏನಂತ ಒಂದು ಲೆಕ್ಕ ಹಾಕ್ರಿ. ಮೂರು ರೆಕ್ಕಿ ಪ್ರೊಪೆಲ್ಲರ್ ನಿಮಿಷಕ್ಕ 3200 ಸುತ್ತು ತಿರಗಿದ್ರ ಸೆಕೆಂಡಿಗೆ 160 ಏಟು. "ಯವ್ವಾ" ಅನ್ನೋಕಿಂತ ಮೊದಲ ಮುಗದಿರತೈತಿ. ಮನ್ಯಾಗಿನ ಟೇಬಲ್ ಫ್ಯಾನು, ಪ್ಲಾಸ್ಟಿಕ್ ರೆಕ್ಕೀದು, ಕೂಸು ಬಟ್ಟು ಹಾಕೀತು ಅಂತ ಅದಕ್ಕ ಜಾಳಗಿ ಹಾಕಿ ಮಾರ್ತಾರ, ಬೋಟಿನ ಹಿಂದಿನ ಲೋಹದ ಫ್ಯಾನಿಗೆ ಮಾತ್ರ ಬತ್ತಲೆ ಸೇವೆ. ಗಾರ್ಡ್ ಅಂತ ಇರತಾವ, ಸುತ್ತ ಬಳಿ ಹಾಕೋದೂ ಐತಿ, ಪಂಜರದಂಥಾದ್ದೂ ಐತಿ. ಕಂಪನಿಯವ್ರನ್ನ ಕೇಳಿದ್ರ ಸ್ಪೀಡ್ ಬೀಳತೈತಿ, ಗಾರ್ಡೇ ಬಡದು ಪೆಟ್ಟಾಗತೈತಿ ಅಂತಾರ. ಜೋರು ಓಡೋ ಬೋಟಿನ ಮಟ್ಟಿಗೆ ಆ ಮಾತು ಪೂರಾ ಸುಳ್ಳೂ ಅಲ್ಲ. ಆದ್ರ ನಮ್ಮ ಕೆರಿ ಬೋಟು ಎಲ್ಲಿಗ್ರೀ ಓಡೋದು, ಈ ದಂಡಿಂದ ಆ ದಂಡಿಗೆ, ನಡಬರಕ ಸೆಲ್ಫಿಗೊಂದು ಸ್ಟಾಪು! ಇನ್ನ ಲೈಫ್ ಜಾಕೆಟ್. ಅದು ನಿಮ್ಮನ್ನ ತೇಲಸತೈತಿ, ಬ್ಲೇಡಿಂದ ಕಾಯಂಗಿಲ್ಲ.

ಎಂಜಿನ್ನಿಗೆ ಒಂದು ಕೆಂಪು ದಾರ ಬರತೈತಿ, ಸುರುಳಿ ಸುರುಳಿ. ಅದನ್ನ ಡ್ರೈವರ್ ಮೈಗೆ ಸಿಗಿಸ್ಕೋಬೇಕು, ಅಂವ ನೀರಿಗೆ ಬಿದ್ರ ದಾರ ಕಿತ್ತು ಬಂದು ಎಂಜಿನ್ ಬಂದ್. ಅಮೆರಿಕಾದಾಗ 2021ರ ಏಪ್ರಿಲ್‌ದಿಂದ ಸಣ್ಣ ಬೋಟ್ ಓಡಸೋರಿಗೆ ಇದು ಕಡ್ಡಾಯ. ನಾ ಕೂತ ಬೋಟಿನ್ಯಾಗೂ ಇತ್ತು, ಆಂಜನೇಯನ ಫೋಟೋ ಬೀಳದಂಗ ಬಿಗಿದು ಕಟ್ಟಿದ್ರು. ಒಂದು ಲೆಕ್ಕದಾಗ ಅದೂ ಸೇಫ್ಟೀನ.

ಹುಬ್ಬಳ್ಳಿಯವ್ರು ಈ ವಿಷಯದಾಗ ಪುಣ್ಯವಂತರು. ಉಣಕಲ್ ಕೆರಿ ನೀರ ಮ್ಯಾಲೆ ಹಬ್ಬೋ ಅಂತರಗಂಗಿ ಕಳೆ ಬಗ್ಗೆ ಮಂದಿ ಎಷ್ಟು ವರ್ಷಾತು ಬೈಕೋತ ಬಂದಾರ, ತಗಸ್ತಾರ, ಮತ್ತ ಬೆಳೀತೈತಿ, ಮತ್ತ ತಗಸ್ತಾರ. ಅದರ ಹಿಂದಿನ ದೂರದೃಷ್ಟಿ ಯಾರಿಗೂ ತಿಳೀಲಿಲ್ಲ. ದೇಶ ವಿದೇಶದ ಎಂಜಿನಿಯರ್‌ಗೋಳು ತಿರಗೋ ಬ್ಲೇಡ್ ನಿಂದ್ರಸೋದು ಹೆಂಗ ಅಂತ ತಲಿ ಮ್ಯಾಲೆ ಕೈ ಹೊತ್ಕೊಂಡು ಕೂತಾಗ ನಮ್ಮ ಅಂತರಗಂಗಿ ಸುಮ್ನ ಹೋಗಿ ಸುತ್ಕೊಂಡು ನಿಂದ್ರಸಿ ಬಿಡತೈತಿ, ಕರೆಂಟ್ ಬ್ಯಾಡ, ಪೇಟೆಂಟ್ ಬ್ಯಾಡ. ಗಟಾರದ ನೀರ ಅದಕ್ಕ ಗೊಬ್ಬರ, ಅಂದ್ರ ಈ ಸುರಕ್ಷತಾ ಯೋಜನೆಗೆ ದಿನಾ ಮುಂಜಾನೆ ನಾವು ನೀವೆಲ್ಲಾ ಕೈಲಾದ ಕಾಣಿಕಿ ಕೊಡಾಕತ್ತೀವಿ. ಧಾರವಾಡದವ್ರು ಪಾಲಿಕಿ ಬ್ಯಾರೆ ಬೇಕಂತ ಕೇಳಿದ್ರಲ್ಲಾ, ಹಂಚ್ಕೊಳ್ಳೂಮುಂದ ಇದರಾಗ ಅರ್ಧಾ ಪಾಲು ಮರೀಬ್ಯಾಡ್ರಿ.

ಒಂದ ತೊಡಕು. ಯಾವುದೇ ಕೆರ್ಯಾಗರ ಆಗ್ಲಿ, ಸುತ್ತಿದ್ದ ಬಳ್ಳಿ ಬಿಡಸಾಕ ಯಾವನೋ ಒಬ್ಬ ಹುಡುಗ ನೀರಿಗಿಳೀತಾನ, ಮ್ಯಾಲೊಬ್ಬಾಂವ ಎಂಜಿನ್ನಿನ ಮ್ಯಾಲೆ ಕೈಯಿಟ್ಟು "ಆತೇನಲೇ?" ಅಂತ ಕೂಗ್ತಾನ. ಆ ಹುಡುಗ ಪ್ರವಾಸಿ ಅಲ್ಲ, ಟಿಕೆಟ್ ತಗೊಂಡಿಲ್ಲ. ಅಂವಗ ಯಾವ ಬೋರ್ಡ್ ಹಚ್ಚೋರು?

ಅಮೆರಿಕಾದವ್ರು ಹೊಣಿಗೆ ಪರ್ಸೆಂಟ್ ಹಾಕ್ತಾರ. 2005ರಾಗ ಟೆಕ್ಸಾಸ್‌ನ ಆಸ್ಟಿನ್ ಕೆರ್ಯಾಗ ಒಬ್ಬ ಹರೇದ ಹುಡುಗ ಹಗ್ಗ ತರಾಕ ನೀರಿಗೆ ಜಿಗದಾನ, ಡ್ರೈವರ್ ಬೋಟ್ ರಿವರ್ಸ್ ತಗೊಂಡಾನ, ಕಾಲು ಹೋತು. 2010ರಾಗ ಜ್ಯೂರಿ, ಅಂದ್ರ ತೀರ್ಪು ಹೇಳಾಕ ಕೋರ್ಟಿನ್ಯಾಗ ಕೂಡ್ರಸೋ ಸಾಮಾನ್ಯ ಮಂದಿ, ಕೂತು ಹೇಳ್ತು: ತಯಾರ ಮಾಡಿದ ಬ್ರನ್ಸ್‌ವಿಕ್ ಕಂಪನಿಗೆ 66, ಡ್ರೈವರ್‌ಗೆ 17, ಹುಡುಗಗೂ 17. ಕೂಡಿಸ್ರಿ, ನೂರು. ಅದಕ್ಕೂ ಮೊದಲ, 2002ರಾಗ, ಅದೇ ಕಂಪನಿಯ ಮರ್ಕ್ಯುರಿ ಎಂಜಿನ್ನಿನ ಇನ್ನೊಂದು ಕೇಸಿನ್ಯಾಗ ಅಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ಗಾರ್ಡ್ ಕಡ್ಡಾಯ ಮಾಡಿಲ್ಲ ಅಂತ ಹೇಳಿ ಕಂಪನಿ ಕೇಸಿನಿಂದ ತಪ್ಪಿಸ್ಕೊಳ್ಳಾಕ ಬರಂಗಿಲ್ಲ ಅಂದಿತ್ತು.

ಆ ಆಸ್ಟಿನ್ ಹುಡುಗನ ಕೇಸು ಗದಗಿನ್ಯಾಗೋ ಹಾವೇರ್ಯಾಗೋ ಅರಳಿಕಟ್ಟಿ ಜ್ಯೂರಿ ಮುಂದ ಬಂದಿದ್ರ? ಹಣೆಬರಕ್ಕ 60, ಹುಡುಗನ ಸೊಕ್ಕಿಗೆ 25, ಅಮಾಸಿ ದಿನ ನೀರಿಗೆ ಹೋಗಿದ್ದಕ್ಕ 10, ಹರದ ಜೀನ್ಸ್ ಪ್ಯಾಂಟಿಗೆ 4. ಉಳದ ಒಂದು ಡ್ರೈವರ್‌ಗೆ, ಅದೂ ಅಂವ ಬ್ಯಾರೆ ಊರಾಂವ ಇದ್ರ. ಗುತ್ತಿಗಿದಾರ? ಏ ಅಂವ ನಮ್ಮ ಪೈಕಿ, ಬಿಡ್ರಿ.

ಸಾಕು, ನಗು ಬರವಲ್ದು. 2019ರ ಜನವರಿ 21ಕ್ಕ ಕಾರವಾರದಾಗ ಕೂರ್ಮಗಡ ಜಾತ್ರಿ ಮುಗಿಸ್ಕೊಂಡು ಬರೋ ಬೋಟ್ ಮಗಚಿ 16 ಮಂದಿ ಸತ್ತರು, ಅದರಾಗ ನಮ್ಮ ಹಾವೇರಿ ಜಿಲ್ಲಾದವ್ರಿದ್ರು, ಸಣ್ಣ ಸಣ್ಣ ಮಕ್ಕಳಿದ್ವು. 2024ರ ಜನವರ್ಯಾಗ ವಡೋದರಾದ ಹರಣಿ ಕೆರ್ಯಾಗ ಶಾಲಿ ಪಿಕ್ನಿಕ್ಕಿಗೆ ಬಂದ 12 ಮಕ್ಕಳು, ಇಬ್ಬರು ಟೀಚರು. ಅಲ್ಲಿ ಕೊಂದಿದ್ದು ಬ್ಲೇಡ್ ಅಲ್ಲ ಖರೇ, ಆದ್ರ ಬೋಟು ತುಂಬೋ ಕೈ, ಕಣ್ಣು ಮುಚ್ಚಿ ಲೈಸೆನ್ಸ್ ಕೊಡೋ ಕೈ ಎಲ್ಲಾ ಕಡೆ ಒಂದೇ. 1917ರ ಕಾನೂನು ತಗದು 2021ರಾಗ ಹೊಸಾ ಒಳನಾಡು ಹಡಗು ಕಾಯ್ದೆ ತಂದ್ರು, ಎಂಜಿನ್ ಇದ್ದ ಬೋಟಿಗೆ ನೋಂದಣಿ, ತಪಾಸಣಿ, ವಿಮಾ ಎಲ್ಲಾ ಬರದಾರ. ಎಲ್ಲೈತ್ರೀ ಆ ಸರ್ಟಿಫಿಕೇಟು? ಅಷ್ಟು ದೊಡ್ಡ ಬೋರ್ಡಿನ ಬಾಜೂ ಒಂದು ಮೊಳಿ ಹೊಡದು ತೂಗು ಹಾಕಾಕ ಏನು ರೋಗ ನಿಮಗ? ರೊಕ್ಕ ತಗೊಂಡು ಕೂಸುಗೋಳನ್ನ ನೀರ ಮ್ಯಾಲೆ ಕರಕೊಂಡು ಹೋಗ್ತೀರಿ, ಹೊಣಿ ಮಾತ್ರ ಬ್ಯಾಡಂತೀರಿ, ನಾಚಿಕಿ ಅನ್ನೋದು ಬ್ಯಾಡೇನ್ರೀ?

ಸೂಟಿ ಬಂತು, ಹುಬ್ಬಳ್ಳಿಂದ ಹೊಂಟ ಕ್ರೂಸರ್ ಎಲ್ಲಾ ಕಾರವಾರ, ಮುರ್ಡೇಶ್ವರ ಹಾದಿ ಹಿಡೀತಾವ. ಅಲ್ಲಿ ಬೋಟು ಹತ್ತೂಮುಂದ, ಇಳಿಯೂಮುಂದ ಎಂಜಿನ್ ಬಂದ್ ಮಾಡು ಅನ್ರಿ. ಆ ಕೆಂಪು ದಾರ ಎಲ್ಲೈತಪಾ ಅಂತ ಕೇಳ್ರಿ, ಅಂವ ನಕ್ಕರ ಇಳದು ಬರ್ರಿ. ರೊಕ್ಕ ಅಂತೂ ವಾಪಸ್ ಕೊಡಂಗಿಲ್ಲ, ಮೂರು ಪ್ಲೇಟ್ ಮಿರ್ಚಿ ತಿಂದ್ವಿ ಅಂತ ತಿಳ್ಕೋರಿ.