ಉಂಡ್ಕಂಡ್ ಹೋಗುವ ನೆಂಟರು

ಹೋದ ಜುಲೈಯಲ್ಲಿ ಕುಂದಾಪುರಕ್ಕೆ ಹೋಗಿದ್ದೆವು. ಹೊರಗೆ ಜೋರು ಮಳೆ, ಒಳಗೆ ಅಮ್ಮನ ಧಾರಾವಾಹಿಯಲ್ಲಿ ಮಹಾಸಂಗಮ. ಇನ್ನೊಂದು ಧಾರಾವಾಹಿಯ ಇಡೀ ಕುಟುಂಬ ಮದುವೆಗೆ ಬಂದಿತ್ತು. ಒಂಬತ್ತು ವರ್ಷದ ನನ್ನ ಮಗ ಕೇಳಿದ, "ಅಜ್ಜಿ, ಅವರು ಯಾಕೆ ಬಂದದ್ದು?"

"ಮದಿಗೆ ಮಗಾ."

"ಬಂದು ಏನು ಮಾಡ್ತಾರೆ?"

ಅಮ್ಮ ಸ್ವಲ್ಪ ಹೊತ್ತು ಟಿವಿ ನೋಡಿದಳು. "ಉಂಡ್ಕಂಡ್ ಹೋತ್ರ್" ಅಂದಳು. ನನಗೆ ಚುರುಕ್ಕೆಂದಿತು.

ಮಗ ಹಾಗೆ ಕೇಳಲು ಕಾರಣವಿದೆ. ಟೊರಾಂಟೊದ ಮನೆಯಲ್ಲಿ ನಾವಿಬ್ಬರೂ ತೊಂಬತ್ತರ ದಶಕದ ಸ್ಪೈಡರ್‌ಮ್ಯಾನ್ ಕಾರ್ಟೂನ್ ನೋಡುತ್ತೇವೆ. 1995ರ ಎರಡು ಕಂತುಗಳಲ್ಲಿ, ಇನ್ನೊಂದು ಕಾರ್ಟೂನಿನ ಸೂಪರ್‌ಹೀರೋಗಳಾದ ಎಕ್ಸ್‌ಮೆನ್ ತಂಡ ಅತಿಥಿ. ಸುಮ್ನೆ ಬರುವುದಿಲ್ಲ ಅವರು. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್‌ನ ಮೈ ಬದಲಾಗುತ್ತಿದೆ, ಗುಣ ಮಾಡಿ ಎಂದು ಆ ತಂಡದ ಗುರು ಪ್ರೊಫೆಸರ್ ಎಕ್ಸ್‌ನ ಮನೆಗೆ ಅವನೇ ಹೋಗುತ್ತಾನೆ. ಆದರೆ ಅದು ಗುಣ ಮಾಡುವ ಜಾಗವಲ್ಲ, ಇದ್ದ ಹಾಗೇ ಬದುಕಲು ಕಲಿಸುವ ಜಾಗ. ಇವನಿಗೆ ಸಿಟ್ಟು. ಮದ್ದು ಕೊಡುತ್ತೇನೆ ಎನ್ನುವ ವಿಜ್ಞಾನಿ ಲ್ಯಾಂಡನ್‌ನನ್ನು ಹುಡುಕಿ ಹೋದರೆ, ಅವನು ಮ್ಯುಟೆಂಟ್‌ಗಳನ್ನೇ, ಅಂದರೆ ಎಕ್ಸ್‌ಮೆನ್‌ನಂಥ ಹುಟ್ಟಾ ವಿಚಿತ್ರ ಶಕ್ತಿಯವರನ್ನೇ, ಮುಗಿಸಲು ಹೊರಟವನು. ಅಷ್ಟರಲ್ಲಿ ಎಕ್ಸ್‌ಮೆನ್ ತಂಡದ ಬೀಸ್ಟ್ ಅವನ ಕೈಗೆ ಸಿಕ್ಕಿಬೀಳುತ್ತಾನೆ. ಅದೇ ತಂಡದ ವುಲ್ವರಿನ್ ಮತ್ತು ಸ್ಪೈಡರ್‌ಮ್ಯಾನ್ ಮೊದಲು ಹೊಡೆದಾಡಿ, ಆಮೇಲೆ ಜೊತೆಯಾಗಿ ಬಿಡಿಸಲು ಹೋಗುತ್ತಾರೆ. ನೆಂಟರನ್ನು ತೆಗೆದುಬಿಟ್ಟರೆ ಕಥೆಯೇ ಇಲ್ಲ.

ಧ್ವನಿಯ ಮಾತು ಇನ್ನೂ ದೊಡ್ಡದು. ಎಕ್ಸ್‌ಮೆನ್ ಕಾರ್ಟೂನಿನ ಧ್ವನಿ ರೆಕಾರ್ಡ್ ಆಗುತ್ತಿದ್ದದ್ದು ನಾನಿರುವ ಟೊರಾಂಟೊದಲ್ಲಿ, ಸ್ಪೈಡರ್‌ಮ್ಯಾನ್‌ನದ್ದು ಲಾಸ್ ಏಂಜಲೀಸ್‌ನಲ್ಲಿ. ಆದರೂ ಆ ಎರಡು ಕಂತಿಗೆ ಇಲ್ಲಿನ ಕಲಾವಿದರನ್ನೇ ಅಲ್ಲಿಗೆ ಕರೆಸಿಕೊಂಡರು. ವುಲ್ವರಿನ್ ಬಾಯಿ ತೆರೆದರೆ ಅದೇ ಕ್ಯಾಲ್ ಡಾಡ್‌ನ ಗೊಗ್ಗರು ದನಿ. 1983ರಲ್ಲಿ ಹಳೆಯ ಸ್ಪೈಡರ್‌ಮ್ಯಾನ್ ಸರಣಿಯೊಂದಕ್ಕೆ ಎಕ್ಸ್‌ಮೆನ್ ಬಂದಾಗ, ಕೆನಡಾದವನಾದ ವುಲ್ವರಿನ್ ಆಸ್ಟ್ರೇಲಿಯಾದವನ ಹಾಗೆ ಮಾತಾಡಿದ್ದ. ನೆಂಟನನ್ನು ಅವನ ದನಿಯಲ್ಲೇ ಮಾತಾಡಲು ಬಿಡುವುದು ಮರ್ಯಾದೆ, ಅಲ್ವಾ?

ಇದು ನಮಗೆ ಹೊಸತೇನಲ್ಲ. ಯಕ್ಷಗಾನದ ಕೂಡಾಟದಲ್ಲಿ ಎರಡು ಮೇಳ ಒಂದೇ ರಂಗಸ್ಥಳಕ್ಕೆ ಬರುತ್ತವೆ. ಅತಿಥಿ ಕಲಾವಿದ ಬಂದರೆ ಅವನಿಗೆ ತಕ್ಕ ವೇಷ, ತಕ್ಕ ಪದ, ಎದುರು ನಿಲ್ಲುವ ಪಾತ್ರ ಎಲ್ಲ ಕಾದಿರುತ್ತದೆ. ಬರೀ ನಿಲ್ಲಿಸಿ ಕಳಿಸಿದರೆ ಗದ್ದೆಯಲ್ಲಿ ಕೂತ ಜನ ಎದ್ದು ಹೋದಾರು. ಅಂಥ ಊರಿನವರು ನಾವು. ಟಿವಿಗೆ ಬಂದ ಕೂಡಲೇ ಆರತಿ, ಕುಣಿತ, ಊಟ ಇಷ್ಟಕ್ಕೇ ತೃಪ್ತರಾಗಿಬಿಟ್ಟೆವಲ್ಲ! ನನಗೆ ಇದು ನಿಜಕ್ಕೂ ಬೇಸರ.

ಅವರದ್ದೂ ಎಲ್ಲ ಸರಿ ಎನ್ನಲಾರೆ. 1997ರಲ್ಲಿ ಸ್ಪೈಡರ್‌ಮ್ಯಾನ್ ಸೂಪರ್‌ಹೀರೋಗಳ ಗುಂಪು ಕಟ್ಟುವ ಕಂತುಗಳು ಬಂದವು. ಎಕ್ಸ್‌ಮೆನ್ ಕಡೆಯಿಂದ ಸ್ಟಾರ್ಮ್ ಒಬ್ಬಳೇ. ಉಳಿದವರನ್ನು ಟೊರಾಂಟೊದಿಂದ ಕರೆಸುವುದು ದುಬಾರಿಯಾಗುತ್ತಿತ್ತು. ಅಲ್ಲಿಯೂ ನೆಂಟರಿಗೆ ಖರ್ಚಿನ ಲೆಕ್ಕ ಇದೆ.

ಮತ್ತೆ ಅಮ್ಮ. ಮಹಾಸಂಗಮ ನಡೆದಷ್ಟು ದಿನ ಅವಳು ಬೇಗ ಅಡುಗೆ ಮುಗಿಸಿ ಕೂರುತ್ತಿದ್ದಳು. ಯಾರು ಯಾವ ಸೀರೆ ಉಟ್ಟಿದ್ದರು ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ವರ್ಷದಲ್ಲಿ ಹನ್ನೊಂದು ತಿಂಗಳು ಆ ಮನೆಯಲ್ಲಿ ಅವಳೊಬ್ಬಳೇ. ಟಿವಿಯ ನೆಂಟರು ಕಾರು ಹತ್ತಿದ ರಾತ್ರಿ ಅವಳು, "ಹ್ವಾದ್ರಾ" ಅಂದಳು. ಒಳಕೋಣೆಯಲ್ಲಿ ನನ್ನ ಹೆಂಡತಿ ಸೂಟ್‌ಕೇಸ್ ತುಂಬುತ್ತಿದ್ದಳು.